ಆಣತಿಯೂ ನೋಟೀಸೂ

ಚಾಮರಾಜನಗರದ ತಾಲ್ಲೂಕಿನಲ್ಲಿ ಕುದೇರು ಎಂಬ ಗ್ರಾಮವುಂಟು. ಹಿಂದಿನ ತಲೆಮಾರಿನಲ್ಲಿ ಒಂದು ದಿನ ಅಲ್ಲಿಯ ರೈತರೊಬ್ಬರ ಮನೆಯ ಬಾಗಿಲಿಗೆ ನ್ಯಾಯಸ್ಥಾನದ ಅಮೀನನು ಬಂದು ನಿಂತನೆಂದು ಭಾವಿಸೋಣ. ಯಜಮಾನರು ಆಗತಾನೆ ಹೊಲದಿಂದ ಹಿಂದಿರುಗಿ ಜಗುಲಿಯ ಮೇಲೆ ಕುಳಿತಿದ್ದಾರೆ. ಅಮೀನನು ಒಂದು ಕಾಗದವನ್ನು ಅವರ ಮುಂದೆ ಹಿಡಿಯುತ್ತಾನೆ. “ಏನ್ ಬುದ್ಧಿ ಇದು? ಏನ್ ಬರ್ದವ್ರೆ ಇದ್ರಲ್ಲಿ?” ಎಂದು ಅವರ ಪ್ರಶ್ನೆ. “ಸಮನ್ಸು ಯಜಮಾನ್ರೆ, ಇಲ್ಲೊಂದು ಹೆಬ್ಬೆಟ್ಟು ಒತ್ತಿ” ಎಂದು ಅಮೀನನ ಉತ್ತರ. ಯಜಮಾನರು ಕೇಳಿದುದು ಕಾಗದದಲ್ಲಿರುವ ಸಂಗತಿಯನ್ನು. ಅವರಿಗೆ ದೊರೆತುದು ಕಾಗದದ ಹೆಸರು ಮಾತ್ರ.

ಕೆಲವು ತಿಂಗಳುಗಳ ತರುವಾಯ ಇದೇ ಮನೆಯ ವೃತ್ತಾಂತವನ್ನು ಊರಿನವರು ಈ ರೀತಿ ಹೇಳಿಕೊಳ್ಳಬಹುದು: ‘ಕೋರ್ಟಿನಿಂದ ಸಮನ್ಸು ಜಾರಿಯಾಯಿತು, ವಾಯಿದೆಗೆ ಹಾಜರಾಗಲಿಲ್ಲ, ಎಕ್ಸ್‌ಪಾರ್ಟಿ ಡಿಕ್ರಿಯಾಯಿತು, ಜಮೀನು ಜಪ್ತಿಗೆ ಆರ್ಡರಾಯಿತು.’ ಈ ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಕೋರ್ಟು, ಸಮನ್ಸು, ಎಕ್ಸ್‌ಪಾರ್ಟಿ, ಡಿಕ್ರಿ, ಆರ್ಡರು ಇವು ಲ್ಯಾಟಿನ್ನಿನಿಂದ ಹುಟ್ಟಿ ಇಂಗ್ಲೀಷಿನ ಮೂಲಕ ಬಂದವು. ಜಾರಿ, ವಾಯಿದೆ, ಹಾಜರು, ಜಮೀನು, ಜಪ್ತಿ ಇವು ಅರಬ್ಬಿ ಪಾರಸಿಗಳಿಂದ ಬಂದವು. ಕನ್ನಡದ್ದಾಗಿ ಉಳಿದುದು ವಿಭಕ್ತಿಪ್ರತ್ಯಯಗಳು, ‘ಆಯಿತು’ ಎಂಬ ಕ್ರಿಯಾಪದ, ‘ಇಲ್ಲ’ ಎಂಬ ನಿಷೇಧ ಇಷ್ಟೇ. ಕಳೆದುಹೋದ ಹೊಲವು ಮಾತ್ರ ಕನ್ನಡಿಗನದು.

ಸರ್ಕಾರದ ಆಜ್ಞೆಗಳನ್ನು ಹೇಳುವ ಈ ಪದಗಳು ಎಲ್ಲಿಂದ ಬಂದವು, ಹುಟ್ಟಿದಾಗ ಅವುಗಳ ಅರ್ಥವೇನಿತ್ತು ಎಂಬುದನ್ನು ವಿಚಾರಿಸುವುದು ನಮ್ಮ ಪ್ರಕೃತ ಉದ್ದೇಶ. ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ಕೇಳುವ ಮಹನೀಯರು ಭಾವಿಸಬಾರದು. ಆಳುವವರು ಆಳಿಸಿಕೊಳ್ಳುವವರಿಗೆ ಏನನ್ನು ಸಲ್ಲಿಸಬೇಕೆಂಬುದು ಈ ಪದಗಳ ಮೂಲದಲ್ಲಿಯೇ ಅಡಗಿರುವುದೆಂದು ನಮಗೆ ತೋರುತ್ತದೆ.

ನಮ್ಮ ನಾಡಿನ ಅತ್ಯಂತ ಪುರಾತನವಾದ ರಾಜಾಜ್ಞೆಯಿಂದಲೇ ಆರಂಭಿಸೋಣ. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಲಿಪಿಗಳಿರುವುವಷ್ಟೆ. ಇವನ್ನು ಲೂಯಿ ರೈಸರು ೧೮೯೨ರಲ್ಲಿ ಕಂಡುಹಿಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಆಜ್ಞೆಯು ಸುವರ್ಣಗಿರಿಯಲ್ಲಿದ್ದ ರಾಜಪುತ್ರನ ಮುಖಾಂತರ ಇಸಿಲದ ಮಹಾಮಾತ್ರರಿಗೆ ಬಂದಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಬರೆದವನು ಚಪಡನೆಂಬ ಲಿಪಿಕಾರ. ಅವನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದನು. ಹೀಗೆ ನಮ್ಮ ನೆಲದ ಮೊದಲನೆಯ ಸರ್ಕಾರೀ ಕಾಗದವೇ ಪರಭಾಷೆಯಲ್ಲಿ, ಪರದೇಶದ ಗುಮಾಸ್ತನ ರುಜುವಿನೊಡನೆ ಇಲ್ಲಿಗೆ ಬಂದಿತೆನ್ನಬಹುದು. ಬ್ರಹ್ಮಗಿರಿಯ ಪಾಠದಲ್ಲಿ ‘ದೊರೆಯು ಅಪ್ಪಣೆಮಾಡುತ್ತಾನೆ’ ಎಂಬ ಅರ್ಥಕ್ಕೆ ‘ಆಣಪಯತಿ’ ಎಂಬ ಕ್ರಿಯಾಪದವು ಬಂದಿದೆ. ಈ ಒಂದು ಪದವನ್ನು ಕೇಳುವವರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ನಮಗೆ ಪ್ರಯೋಜನವುಂಟು.

ಸಂಸ್ಕೃತದ ‘ಆಜ್ಞಾ’ ಎಂಬುದೇ ಈ ಕ್ರಿಯಾಪದದ ಮೂಲ. ಅದೇ ಮೂಲದಿಂದ ಕನ್ನಡಕ್ಕೆ ‘ಆಣೆ’ ಎಂಬ ತದ್ಭವವೂ ‘ಆಣತಿ’ ಎಂಬ ಪದವೂ ಬಂದವು. ‘ಆಣೆ’ಗೆ ಮೊದಲು ಅರಸನ ಅಪ್ಪಣೆಯೆಂದು ಅರ್ಥ, ಈಗ ಹಳ್ಳಿಯವರು ‘ದೇವರಾಣೆ’ ಎನ್ನುವಾಗ ಅದು ಶಪಥವಾಗಿರುವುದು. ಕೆಳಗಿನವನು ಮೇಲಿನವನಿಗೆ ಅರಿಕೆಮಾಡಿಕೊಳ್ಳುವುದಕ್ಕೆ ‘ಬಿನ್ನಪ’ ಎಂದು ಹೆಸರು. ಅದು ‘ವಿಜ್ಞಾಪನ’ದ ತದ್ಭವ. ಮೇಲಿನಿಂದ ಇಳಿಯುವ ಆಣತಿಗೂ ಕೆಳಗಿನಿಂದ ಏರುವ ಬಿನ್ನಪಕ್ಕೂ ‘ಜ್ಞಾ’ ಎಂಬುದೊಂದೇ ಧಾತು. ‘ಜ್ಞಾ’ ಎಂದರೆ ತಿಳಿ, ಪ್ರೇರಣಾರ್ಥದಲ್ಲಿ ತಿಳಿಯಪಡಿಸು. ಅರಸನು ಪ್ರಜೆಗೆ ತಿಳಿಸುವುದು ಆಜ್ಞೆ. ಪ್ರಜೆಯು ಅರಸನಿಗೆ ತಿಳಿಸುವುದು ಬಿನ್ನಪ.

ಇವಲ್ಲದೆ ಅಚ್ಚಗನ್ನಡದ ಮಾತುಗಳೂ ನಮ್ಮಲ್ಲಿ ಇದ್ದವು. ಹಳಗನ್ನಡದಲ್ಲಿ ಅಪ್ಪಣೆಗೆ ‘ಬೆಸ’ವೆಂದೂ, ಅಪ್ಪಣೆಮಾಡುವುದಕ್ಕೆ ‘ಬೆಸಸು’ ಎಂದೂ ಹೆಸರು. ಊರಿನವರು ಸೇರಿ ಮಾಡಿಕೊಂಡ ನಿಯಮವು ‘ಕಟ್ಟು’ ಅಥವಾ ‘ಕಟ್ಟಳೆ’. ಬರೆದು ಕಳುಹಿಸಿದ್ದು ‘ಓಲೆ’. ವಿಜಯನಗರದ ಕಾಲದ ಶಾಸನಗಳಲ್ಲಿ ‘ನಿರೂಪ’ ಎಂಬ ಪದವು ಹೆಚ್ಚಾಗಿ ಕಾಣಿಸುತ್ತದೆ. ಅರಸನ ಪತ್ರಕ್ಕೆ ‘ರಾಯಸ’ವೆಂದೂ ಅದನ್ನು ಬರೆಯುವ ಅಧಿಕಾರಿಗಳಿಗೆ ‘ರಾಯಸದವರು’ ಎಂದೂ ಆಗ ಹೆಸರಾಯಿತು. ನಿರೂಪವೆಂದರೂ ವಿವರಿಸಿ ಹೇಳುವುದೇ ಹೊರತು ಬೇರೆಯಲ್ಲ.

ಅನಂತರ ಬಂದುದು ಅರಬ್ಬಿ ಪಾರಸಿಗಳ ಕಾಲ. ಇದು ಹೈದರಾಲಿ ಟಿಪ್ಪೂ ಸುಲ್ತಾನರಿಂದಲೇ ಆರಂಭವಾಯಿತೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಗುಂಡ್ಲುಪೇಟೆಯ ಸೀಮೆಯ ಹಂಗಳದಲ್ಲಿ ಎಳೆಯ ವಯಸ್ಸಿನ ಕೆಲವು ವರ್ಷಗಳನ್ನು ಕಳೆದ ಚಿಕ್ಕದೇವರಾಜ ಒಡೆಯರು ೧೬೭೩ರಲ್ಲಿ ಪಟ್ಟಕ್ಕೆ ಬಂದು ೧೭೦೪ರವರೆಗೆ ಆಳಿದರು. ಅವರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಭಾಗಿಸಿದ ಏರ್ಪಾಡಿಗೆ ‘ಅಠಾರಾ ಕಚೇರಿ’ ಎಂದೇ ಹೆಸರು. ಅಠಾರಾ ಎಂಬುದು ಹಿಂದೂಸ್ತಾನಿಯ ಹದಿನೆಂಟು. ಕಚೇರಿಯೂ ಇಲಾಖೆಯೂ ಹೊರಗಿನಿಂದ ಬಂದ ಮಾತುಗಳೇ. ಟಿಪ್ಪೂ ಸುಲ್ತಾನನ ಆಳಿಕೆಯಲ್ಲಿ ಪಾರಸಿಯ ಪ್ರಾಬಲ್ಯವು ಹೆಚ್ಚಿತು. ಆದರೂ ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದಲ್ಲಿ ಕಂಡುಹಿಡಿದ ಅವನ ಪತ್ರಗಳು ಕನ್ನಡದಲ್ಲಿಯೇ ಇದ್ದವು. ತನ್ನ ಮಾತು ನಿಜವಾಗಿ ತಿಳಿಯಬೇಕಾದಲ್ಲಿ ಅರಸನು ಓದುವವರ ಭಾಷೆಯನ್ನೇ ಹಿಡಿಯುತ್ತಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿಯೂ ಕಚೇರಿಯ ಬರೆವಣಿಗೆಯಲ್ಲಿ ಕನ್ನಡದೊಡನೆ ಮರಾಠಿಯು ನಡೆಯುತ್ತಿತ್ತು; ಪಾರಸಿಯ ಪದಗಳು ಮರಾಠಿಯ ಮೂಲಕವಾಗಿಯೂ ನಮ್ಮಲ್ಲಿ ನೆಲೆಗೊಂಡವು.

ಈ ಪದಗಳಲ್ಲಿ ಕೆಲವನ್ನು ನೋಡೋಣ. ‘ಹುಕುಂ’ ಅರಬ್ಬಿಯದು; ಅದರ ಧಾತುವಿಗೆ ತೀರ್ಪು, ವಿವೇಕ ಎಂಬ ಅರ್ಥಗಳುಂಟು; ಜಾಣತನದ ‘ಹಿಕ್ಮತ್ತು’, ವೈದ್ಯನಾದ ‘ಹಕೀಮ’ ಇವರೂ ಅದೇ ಕುಟುಂಬದವರು. ‘ಸನ್ನದು’ ಎಂದರೆ ಒರಗಿಕೊಳ್ಳುವುದಕ್ಕೆ ಆಸರೆಯಾದದ್ದು. ನಾವು ಕಾಗದಪತ್ರವನ್ನು ‘ಆಧಾರ’ವೆನ್ನುವುದೂ ಇದೇ ಭಾವದಿಂದ. ‘ತಾಕೀದು’ ಎಂದರೆ ಒತ್ತಿ ಹೇಳುವುದು. ‘ಜಾರಿ’ ಎಂದರೆ ಹರಿಯುತ್ತಿರುವುದು; ಆಜ್ಞೆಯು ನೀರಿನಂತೆ ಮೇಲಿನಿಂದ ಹರಿದು ಹೊಲಕ್ಕೆ ಮುಟ್ಟಬೇಕು. ‘ದಸ್ತಗಿರಿ’ ಎಂದರೆ ಕೈಹಿಡಿಯುವುದು. ಪಾರಸಿಯಲ್ಲಿ ಕೈಗೆ ‘ದಸ್ತ್’ ಎಂದು ಹೆಸರು.

‘ಕಾನೂನು’ ಎಂಬ ಪದದ ಪ್ರಯಾಣವು ಇವೆಲ್ಲಕ್ಕಿಂತ ದೀರ್ಘವಾದದ್ದು. ಗ್ರೀಕರಲ್ಲಿ ‘ಕನೋನ್’ ಎಂದರೆ ನೆಟ್ಟಗಿರುವ ಅಳತೆಯ ಕೋಲು. ಅದು ಅರಬ್ಬಿಗೆ ಹೋಗಿ ‘ಕಾನೂನ್’ ಆಯಿತು. ಅಲ್ಲಿಂದ ಪಾರಸಿಯವರ ಕೈಸೇರಿ ನಮ್ಮಲ್ಲಿಗೆ ಬಂದಿತು. ಅದೇ ಗ್ರೀಕ್ ಪದವು ಲ್ಯಾಟಿನ್ನಿಗೂ ಹೋಗಿ ಕ್ರೈಸ್ತಮಠಗಳ ನಿಯಮಗಳಿಗೆ ಹೆಸರಾಯಿತು. ಆದುದರಿಂದ ಕಾನೂನೆಂಬುದು ತುರುಕರ ಮಾತೆಂದು ಹಳಿಯುವವರೂ ಅಲ್ಲ, ಇಂಗ್ಲೀಷಿನ ಪದವೇ ಹೆಚ್ಚು ನಾಗರಿಕವಾದುದೆನ್ನುವವರೂ ಅಲ್ಲ, ಈ ಪದದ ಜಾತಕವನ್ನು ಬಲ್ಲವರೆನ್ನಲಾಗದು.

ಇನ್ನು ಲ್ಯಾಟಿನ್ ಮತ್ತು ಇಂಗ್ಲೀಷು ಪದಗಳ ಕಡೆಗೆ ತಿರುಗೋಣ. ೧೮೮೧ರ ಮಾರ್ಚಿ ೨೫ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದ ಮೇಲೆಯೂ ಮೈಸೂರಿನ ಆಡಳಿತದಲ್ಲಿ ಇಂಗ್ಲೀಷೇ ಮುಖ್ಯವಾಗಿ ನಿಂತಿತು. ಸಂಸ್ಥಾನದ ಶಾಸನಗಳಿಗೆ ಬಹುಕಾಲ ‘ರೆಗ್ಯುಲೇಷನ್’ ಎಂದು ಹೆಸರು. ಬಾಲ್ಯವಿವಾಹವನ್ನು ತಡೆಯುವುದಕ್ಕಾಗಿ ೧೮೯೪ರಲ್ಲಿ ಹೊರಟುದೂ ಒಂದು ರೆಗ್ಯುಲೇಷನ್ನೇ. ಕುದೇರಿನಿಂದ ಹೆಚ್ಚು ದೂರವಿಲ್ಲದ ಕೊಳ್ಳೇಗಾಲವಾದರೋ ೧೯೫೬ರವರೆಗೆ ಮದರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ ಅಂಥದಕ್ಕೆ ‘ಆಕ್ಟ್’ ಎಂದು ಹೆಸರು. ಎಲ್ಲೆಯ ಎರಡು ಕಡೆಯಲ್ಲಿಯೂ ಒಂದೇ ಕನ್ನಡವನ್ನಾಡುವ, ಒಂದೇ ಸಂತೆಗೆ ಹೋಗುವ ಜನರು ಎರಡು ಬಗೆಯ ಆಜ್ಞೆಗಳಿಗೆ ಎರಡು ಹೆಸರುಗಳನ್ನು ಕಲಿಯಬೇಕಾಯಿತು.

‘ರೆಗ್ಯುಲೇಷನ್’ ಎಂಬುದರ ಮೂಲದಲ್ಲಿರುವುದು ಲ್ಯಾಟಿನ್ನಿನ ‘ರೆಗುಲ’. ಅದಕ್ಕೂ ನೆಟ್ಟಗಿರುವ ಕೋಲೆಂದೇ ಅರ್ಥ. ಗ್ರೀಕರ ಕನೋನು ಕೋಲು, ರೋಮನರ ರೆಗುಲ ಕೋಲು, ನಮ್ಮವರ ‘ದಂಡ’ವೂ ಕೋಲು. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ‘ಗಳೆ’ಯೂ ಕೋಲೇ. ಒಂದೇ ಕೋಲು ಅಳೆಯುವುದಕ್ಕೂ ಆಗುವುದು, ಹೊಡೆಯುವುದಕ್ಕೂ ಆಗುವುದು. ಗ್ರೀಕರೂ ರೋಮನರೂ ಅಳತೆಯ ಕಡೆಯಿಂದ ಕಾನೂನಿಗೆ ಹೆಸರಿಟ್ಟರು. ನಮ್ಮಲ್ಲಿ ‘ದಂಡ ಕಟ್ಟು’ ಎನ್ನುವಾಗ ಎರಡನೆಯ ಉಪಯೋಗವೇ ಮುಂದಾಗಿರುವುದು.

ಉಳಿದ ಪದಗಳ ಹುಟ್ಟೂ ಹೀಗೆಯೇ ಸರಳವಾಗಿರುವುದು. ‘ಆರ್ಡರು’ ಎಂಬುದಕ್ಕೆ ಮೂಲ ‘ಓರ್ಡೊ’. ಸಾಲು ಎಂದು ಅರ್ಥ. ಮೊದಲು ಅದು ಮಗ್ಗದ ಮೇಲಿನ ನೂಲಿನ ಸಾಲಾಗಿತ್ತೆಂದು ಪದಶೋಧಕರ ಅಭಿಪ್ರಾಯ. ರೇಷ್ಮೆಯ ನೇಯ್ಗೆಗೆ ಹೆಸರಾದ ಕೊಳ್ಳೇಗಾಲದ ನೇಕಾರರಿಗೆ ಹಾಸಿನ ಎಳೆಗಳು ಸಾಲುತಪ್ಪಿದರೆ ಏನಾಗುವುದೆಂದು ನಾವು ಹೇಳಬೇಕಾದುದಿಲ್ಲ. ‘ಪ್ರೊಕ್ಲಮೇಷನ್’ ಎಂದರೆ ಗಟ್ಟಿಯಾಗಿ ಕೂಗುವುದು. ಪುರಾತನ ರೋಮಿನ ‘ಎಡಿಕ್ಟು’ ಎಂದರೆ ಹೊರಗೆ ಹೇಳುವುದು. ನಮ್ಮ ಹಳ್ಳಿಯಲ್ಲಿ ತಮಟೆ ಬಾರಿಸಿ ಡಂಗುರ ಸಾರುವುದೂ ಇದೇ. ‘ಮ್ಯಾಂಡೇಟು’ ಎಂದರೆ ಕೈಗೆ ಕೊಡುವುದು. ‘ಡಿಕ್ರಿ’ ಎಂಬುದರ ಮೂಲದಲ್ಲಿ ಜರಡಿ ಹಿಡಿದು ಬೇರೆಮಾಡುವ ಕ್ರಿಯೆಯಿದೆ. ಇಬ್ಬರ ಮಾತುಗಳನ್ನೂ ಜಾಲಿಸಿ ಕಾಳು ಜೊಳ್ಳುಗಳನ್ನು ವಿಂಗಡಿಸಿದಲ್ಲದೆ ಅದು ಆ ಹೆಸರಿಗೆ ಸಲ್ಲದು. ‘ಎಕ್ಸ್‌ಪಾರ್ಟಿ’ ಎಂದರೆ ಒಂದೇ ಕಡೆಯಿಂದ. ‘ಮೆಮೊರಾಂಡಂ’ ಎಂದರೆ ನೆನೆಯತಕ್ಕದ್ದು. ‘ಸರ್ಕ್ಯುಲರು’ ಕಚೇರಿಯಿಂದ ಕಚೇರಿಗೆ ಸುತ್ತಿಬರುವ ಪತ್ರ.

‘ಸಮನ್ಸು’ ಎಂಬುದು ಎರಡು ಲ್ಯಾಟಿನ್ ಮಾತುಗಳು ಕೂಡಿ ಆದದ್ದು. ಒಳಗೊಳಗೇ ಎಚ್ಚರಿಸು, ಮೆಲ್ಲನೆ ನೆನಪುಕೊಡು ಎಂದು ಅದರ ಮೊದಲನೆಯ ಅರ್ಥ. ಕೊನೆಯಲ್ಲಿ ‘ಸ್’ ಇದ್ದರೂ ಅದು ಬಹುವಚನವಲ್ಲ. ಹಳೆಯ ಫ್ರೆಂಚಿನ ರೂಪದ ಗುರುತು. ‘ವಾರಂಟು’ ಲ್ಯಾಟಿನ್ನಿನದಲ್ಲ, ಜರ್ಮಾನಿಕ ಬುಡಕಟ್ಟುಗಳ ಪದವು ಫ್ರೆಂಚರ ಮೂಲಕ ಇಂಗ್ಲೆಂಡಿಗೆ ಬಂದುದು. ಹೊಣೆ, ರಕ್ಷಣೆ ಎಂದು ಅದರ ಅರ್ಥ. ಅಂಗಡಿಯವನು ಕೊಡುವ ‘ಗ್ಯಾರಂಟಿ’ಯೂ ಪೋಲೀಸಿನವನು ತರುವ ವಾರಂಟೂ ಅವಳಿಜವಳಿ ಪದಗಳೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ‘ರಿಟ್’ ಎಂಬುದು ಹಳೆಯ ಇಂಗ್ಲೀಷಿನದೇ. ಬರೆಹವೆಂದಷ್ಟೇ ಅದರ ಅರ್ಥ.

ಕೊನೆಗೆ ‘ನೋಟೀಸು’. ಇದರ ಲ್ಯಾಟಿನ್ ಮೂಲವು ‘ನೊಟಿಷಿಯ’. ತಿಳಿವಳಿಕೆ ಎಂದು ಅರ್ಥ. ಅದು ಹುಟ್ಟಿದ ಕ್ರಿಯಾಪದದ ಪ್ರಾಚೀನರೂಪದಲ್ಲಿ ಮೊದಲು ‘ಗ’ಕಾರವಿತ್ತು. ಲ್ಯಾಟಿನ್ನಿನ ಈ ‘ಗ್ನೊ’, ಸಂಸ್ಕೃತದ ‘ಜ್ಞಾ’, ಇಂಗ್ಲೀಷಿನಲ್ಲಿ ಬಲ್ಲೆನೆನ್ನುವ ‘ನೋ’ ಇವು ಮೂರೂ ಒಂದೇ ಬೇರಿನ ಕೊಂಬೆಗಳೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಹಾಗಾದರೆ ಅಶೋಕನ ಆಣಪಯತಿ, ನಮ್ಮ ಆಣತಿ, ಪ್ರಜೆಗಳ ಬಿನ್ನಪ, ಮೆಮೋವಿಗೆ ನಮ್ಮ ಕಚೇರಿಗಳಲ್ಲಿ ಹೇಳುವ ‘ಜ್ಞಾಪನ’, ಅಮೀನನು ತರುವ ನೋಟೀಸು ಇವೆಲ್ಲವೂ ಒಂದೇ ಮನೆತನದವು. ಎರಡು ಸಾವಿರವರ್ಷಗಳಿಗೂ ಹೆಚ್ಚಾಗಿ ಅಗಲಿದ್ದ ಬಂಧುಗಳು ಕುದೇರಿನ ಜಗುಲಿಯ ಮೇಲೆ ಒಬ್ಬರನ್ನೊಬ್ಬರು ಗುರುತಿಸದೆ ಕುಳಿತಿರುವರು. ಈ ಮನೆತನಕ್ಕೆಲ್ಲ ಸಾಮಾನ್ಯವಾದ ಅರ್ಥವು ತಿಳಿಸುವುದು ಎಂಬುದೊಂದೇ. ಹೆದರಿಸುವುದೆಂದಾಗಲಿ ಬಗ್ಗಿಸುವುದೆಂದಾಗಲಿ ಇದರಲ್ಲಿ ಇಲ್ಲ. ಆದ ಕಾರಣ, ಯಾರಿಗೆ ಉದ್ದೇಶಿಸಿದೆಯೋ ಅವರಿಗೆ ತಿಳಿಯದೆ ಹೋದ ನೋಟೀಸು ತನ್ನ ಹೆಸರನ್ನೇ ಸುಳ್ಳುಮಾಡಿದಂತಾಗುವುದು.

ಈ ಸಂಕಟವು ನಮಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ರೈತನೂ ಇದನ್ನು ಅನುಭವಿಸಿದನು. ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ವಾದವು ಫ್ರೆಂಚಿನಲ್ಲಿಯೂ ದಾಖಲೆಯು ಲ್ಯಾಟಿನ್ನಿನಲ್ಲಿಯೂ ನಡೆಯುವುದು ರೂಢಿಯಾಯಿತು. ಜನರಿಗೆ ಫ್ರೆಂಚು ತಿಳಿಯದು, ಆದುದರಿಂದ ವಾದವು ಇಂಗ್ಲೀಷಿನಲ್ಲಿ ನಡೆಯಲಿ ಎಂದು ೧೩೬೨ರಲ್ಲಿ ಒಂದು ಶಾಸನವು ಹೊರಟಿತು. ಆ ಶಾಸನವೇ ಫ್ರೆಂಚಿನಲ್ಲಿತ್ತೆಂಬುದು ವಿನೋದದ ಸಂಗತಿ. ಲ್ಯಾಟಿನ್ ದಾಖಲೆಯು ಅದಾದ ಮೇಲೂ ಉಳಿಯಿತು. ೧೭೩೩ರ ಮಾರ್ಚಿಯಿಂದ ಅದಕ್ಕೂ ಬದಲಾಗಿ ಇಂಗ್ಲೀಷನ್ನೇ ಬಳಸಬೇಕೆಂದು ಪಾರ್ಲಿಮೆಂಟು ವಿಧಿಸಿತು. ತರುವಾಯ ನೂರುವರ್ಷಗಳಲ್ಲಿ, ೧೮೩೭ರಲ್ಲಿ, ಕಂಪನಿ ಸರ್ಕಾರದವರು ತಮ್ಮ ಪ್ರಾಂತಗಳಲ್ಲಿ ಪಾರಸಿಯ ಬದಲು ದೇಶಭಾಷೆಗಳನ್ನು ಬಳಸುವುದಕ್ಕೆ ಕಾಯಿದೆಯಿಂದ ದಾರಿಮಾಡಿದರು. ತಮ್ಮ ಮನೆಯಲ್ಲಿ ಪರಭಾಷೆಯ ಭಾರವನ್ನು ಇಳಿಸಿಕೊಳ್ಳುವುದಕ್ಕೆ ಆ ಜನಕ್ಕೆ ಆರುನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟಾಗಿಯೂ ಹಳೆಯ ಲ್ಯಾಟಿನ್ ಹೆಸರುಗಳು ಹಾಗೆಯೇ ನಿಂತವು.

ಹಾಗೆ ನಿಂತ ಹೆಸರುಗಳಲ್ಲಿ ಕೆಲವು ನಮ್ಮಲ್ಲಿಗೂ ಬಂದು ಒಂದು ಅಪೂರ್ವವಾದ ಪಲ್ಲಟವನ್ನು ಉಂಟುಮಾಡಿದವು. ೧೯೪೯ರ ನವೆಂಬರು ೨೫ರಲ್ಲಿ ಜಯಚಾಮರಾಜ ಒಡೆಯರವರು ಘೋಷಣೆಯನ್ನು ಹೊರಡಿಸಿ ಭಾರತದ ಸಂವಿಧಾನವನ್ನು ಮೈಸೂರಿಗೆ ಅಂಗೀಕರಿಸಿದರು. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಆ ಸಂವಿಧಾನದ ೨೨೬ನೆಯ ಅನುಚ್ಛೇದವು ಉಚ್ಚ ನ್ಯಾಯಾಲಯಗಳಿಗೆ ರಿಟ್ಟುಗಳನ್ನು ಹೊರಡಿಸುವ ಅಧಿಕಾರವನ್ನು ಕೊಟ್ಟಿತು. ‘ಹೇಬಿಯಸ್ ಕಾರ್ಪಸ್’ ಎಂದರೆ ಹಿಡಿದಿಟ್ಟವನ ದೇಹವನ್ನು ಮುಂದೆ ತಾ ಎಂದು ತಾತ್ಪರ್ಯ. ‘ಮ್ಯಾಂಡಮಸ್’ ಎಂದರೆ ನಾವು ಆಜ್ಞಾಪಿಸುತ್ತೇವೆ. ‘ಕೋ ವಾರಂಟೊ’ ಎಂದರೆ ಯಾವ ಅಧಿಕಾರದಿಂದ? ‘ಸರ್ಷಿಯೊರರಿ’ ಎಂದರೆ ನಮಗೆ ನಿಶ್ಚಯವಾಗಿ ತಿಳಿಯಬೇಕು. ‘ಪ್ರೊಹಿಬಿಷನ್’ ಎಂದರೆ ತಡೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ದೊರೆಯು ‘ನಾವು’ ಎಂದು ಆರಂಭಿಸಿ ತನ್ನ ಕೆಳಗಿನವರಿಗೆ ಬರೆಸುತ್ತಿದ್ದ ಮಾತುಗಳಿವು. ಈಗ ಕುದೇರಿನ ರೈತರ ಅರ್ಜಿಯ ಮೇಲೆ ಅವೇ ಮಾತುಗಳು ಸರ್ಕಾರಕ್ಕೂ ಅದರ ಅಧಿಕಾರಿಗಳಿಗೂ ಆಜ್ಞೆಯಾಗಿ ಹೋಗಬಲ್ಲವು. ಆಳುವವರ ಕೈಯಲ್ಲಿದ್ದ ಕೋಲು ಅವರನ್ನೇ ಅಳೆಯುವ ಕೋಲಾಯಿತು. ಯಾವ ಅಧಿಕಾರದಿಂದ ಎಂದು ಕೇಳುವ ಹಕ್ಕು ಜಗುಲಿಯ ಮೇಲೆ ಹೆಬ್ಬೆಟ್ಟು ಒತ್ತಿದವರ ಮನೆಯವರಿಗೂ ಬಂದಿತು.

ಆದರೆ ಹಕ್ಕು ಇರುವುದು ಬೇರೆ, ಅದನ್ನು ಬಲ್ಲುದು ಬೇರೆ. ೧೯೬೩ರ ರಾಜ್ಯಭಾಷಾ ಶಾಸನದಿಂದ ಕನ್ನಡವು ಆಡಳಿತದ ಭಾಷೆಯಾಯಿತು. ಅದರಿಂದ ಆದ ಉಪಕಾರವು ಸಾಮಾನ್ಯವಾದುದಲ್ಲ. ಅನುವಾದಕರ ಕೈಯಿಂದ ಒಳ್ಳೆಯ ಪದಗಳೂ ಬಂದವು. ಸರ್ಕ್ಯುಲರಿಗೆ ‘ಸುತ್ತೋಲೆ’ ಎಂದವರನ್ನು ನಾವು ಮನಸಾರೆ ಕೊಂಡಾಡಬೇಕು: ಹಳೆಯ ಓಲೆಗೆ ಸುತ್ತನ್ನು ಸೇರಿಸಿದರು, ಅರ್ಥವು ಕಿವಿಗೆ ಬಿದ್ದೊಡನೆಯೇ ಮನಸ್ಸಿಗೆ ಮುಟ್ಟಿತು. ಆದರೆ ಮ್ಯಾಂಡಮಸ್ಸಿಗೆ ‘ಪರಮಾದೇಶ’ವೆಂದೂ, ಹೇಬಿಯಸ್ ಕಾರ್ಪಸ್ಸಿಗೆ ‘ಬಂದೀ ಪ್ರತ್ಯಕ್ಷೀಕರಣ’ವೆಂದೂ ಹೇಳಿದಾಗ ಯಜಮಾನರಿಗೆ ಲ್ಯಾಟಿನ್ನಿಗಿಂತ ಹೆಚ್ಚಾಗಿ ಏನಾದರೂ ತಿಳಿದೀತೆ? ಲಿಪಿಯು ಕನ್ನಡವಾದ ಮಾತ್ರಕ್ಕೆ ಆಜ್ಞೆಯು ಕನ್ನಡವಾಗದು. ಇತ್ತ ನೋಟೀಸು, ಜಾರಿ, ಹಾಜರು, ಅರ್ಜಿ ಎಂಬ ಮಾತುಗಳನ್ನು ನಮ್ಮ ಹಳ್ಳಿಯವರು ನೂರಾರು ಸಲ ನಾಲಿಗೆಯ ಮೇಲೆ ಹೊರಳಿಸಿ, ಕೊನೆಗೊಂದು ಉಕಾರವನ್ನೋ ಇಕಾರವನ್ನೋ ಹಚ್ಚಿ, ತಮ್ಮವನ್ನಾಗಿ ಮಾಡಿಕೊಂಡಿರುವರು. ಇಂಥವನ್ನು ಪರಭಾಷೆಯವೆಂದು ಹೊರಗಟ್ಟಿ ಯಾರಿಗೂ ಅರಿಯದ ಸ್ವಭಾಷೆಯನ್ನು ಒಳಗೆ ಕರೆಯುವುದರಿಂದ ಲಾಭವೇನೂ ನಮಗೆ ಕಾಣುವುದಿಲ್ಲ. ಪದವು ಯಾವ ದೇಶದಿಂದ ಬಂದಿತೆಂಬುದಕ್ಕಿಂತ ಯಾರ ಮನಸ್ಸಿಗೆ ಮುಟ್ಟಿತೆಂಬುದೇ ಮುಖ್ಯವಾದ ಪರೀಕ್ಷೆ.

ಆದುದರಿಂದ ಮರಳಿ ಕುದೇರಿನ ಆ ಜಗುಲಿಗೆ ಹೋಗೋಣ. ಯಜಮಾನರು ಏನು ಬರೆದಿದೆಯೆಂದು ಕೇಳಿದಾಗ ಅಮೀನನು ಕಾಗದದ ಹೆಸರನ್ನು ಹೇಳಿ ಸುಮ್ಮನಾಗದೆ, “ನಿಮ್ಮ ಮೇಲೆ ಸಾಲದ ದಾವೆ ಹಾಕವ್ರೆ ಯಜಮಾನ್ರೆ, ಬರೋ ತಿಂಗ್ಳು ಇಂಥಾ ದಿನ ಚಾಮರಾಜನಗರದ ಕೋರ್ಟ್ಗೆ ಬಂದು ನಿಮ್ಮ ಮಾತ್ ಹೇಳ್ಬೇಕು, ಬರ್ದೇ ಇದ್ರೆ ಒಂದೇ ಕಡೆ ಮಾತ್ ಕೇಳಿ ತೀರ್ಪು ಕೊಡ್ತಾರೆ” ಎಂದಿದ್ದರೆ ಎಷ್ಟು ಹೊತ್ತಾಗುತ್ತಿತ್ತು? ಆ ಮೂರು ಮಾತುಗಳಿಂದ ಒಂದು ಹೊಲವು ಉಳಿಯಬಹುದಾಗಿತ್ತು. ಲ್ಯಾಟಿನ್ನಿನ ಸಮನ್ಸು ಎಂಬುದಕ್ಕೆ ಮೆಲ್ಲನೆ ಎಚ್ಚರಿಸುವುದೆಂಬ ಅರ್ಥವಿದೆಯೆಂದು ಮೇಲೆ ಹೇಳಿದೆವಷ್ಟೆ. ಅಮೀನನು ಹಾಗೆ ಹೇಳಿದ್ದರೆ ಆ ಪದದ ಋಣವನ್ನೂ ತೀರಿಸಿದಂತಾಗುತ್ತಿತ್ತು.